ಕೊನೆಯ ಮಡಿಕೆ ಮಗುವಿನದು

(ಅಂಗನವಾಡಿ ಮತ್ತು ಪ್ರಾಥಮಿಕ ಶಾಲೆಯ ಟೀಚರುಗಳು, ಅಪ್ಪ ಅಮ್ಮಂದಿರು, ಅಜ್ಜಿಯರು ಸೇರಿದ್ದ ಒಂದು ಸಭೆಯಲ್ಲಿ, ಅಂಗವೈಕಲ್ಯ ಇರುವ ಮಕ್ಕಳೂ ಸೇರಿ ಎಲ್ಲ ಮಕ್ಕಳ ಜೊತೆ ಕಾಗದದ ವಿಮಾನ ಮಾಡುವುದರ ಬಗ್ಗೆ ಆಡಿದ ಮಾತುಗಳು. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮ ಕುರ್ಚಿಯ ಮೇಲೆ ಒಂದೊಂದು ಬಿಳಿ ಹಾಳೆ ಇತ್ತಲ್ಲ, ಅದನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ. ಬೀಸಣಿಗೆ ಮಾಡಿಕೊಂಡವರು ಸ್ವಲ್ಪ ಹೊತ್ತು ಸೆಕೆ ತಡೆದುಕೊಳ್ಳಿ. ಈಗ ನೀವು ಬರೆಯುವ ಕೈಯನ್ನು ಬೆನ್ನ ಹಿಂದೆ ಇಡಿ. ಉಳಿದ ಒಂದೇ ಕೈಯಲ್ಲಿ ಹಾಳೆಯನ್ನು ಎರಡು ಸಮ ಪಾಲು ಮಡಚಿ. ಅಂಚಿಗೆ ಅಂಚು ಕೂಡಬೇಕು.

ನೋಡಿ, ಅಲ್ಲೊಬ್ಬರು ಹಾಳೆಯನ್ನು ಗಲ್ಲದಲ್ಲಿ ಒತ್ತಿ ಹಿಡಿದರು. ಇಲ್ಲೊಬ್ಬರು ಕುರ್ಚಿಯಿಂದ ಇಳಿದು ನೆಲದ ಮೇಲೆ ಹಾಳೆ ಹಾಸಿ ಮೊಣಕಾಲು ಊರಿದರು. ಹಿಂದಿನ ಸಾಲಿನ ಅಕ್ಕ ಪಕ್ಕದವರಿಗೆ "ಸ್ವಲ್ಪ ಹಿಡ್ಕೊಳ್ರೀ" ಅಂದರು. ಎಲ್ಲವೂ ಸರಿಯೇ.

ಅಂಗವೈಕಲ್ಯ ಹೀಗಿರುತ್ತದೆ ಎಂದು ತೋರಿಸಲು ಇದನ್ನು ಮಾಡಿಸಲಿಲ್ಲ. ಎರಡು ನಿಮಿಷ ಕೈ ಹಿಂದೆ ಕಟ್ಟಿಕೊಂಡರೆ ಅದು ಗೊತ್ತಾಗುವುದಿಲ್ಲ. ಹುಟ್ಟಿದಾಗಿನಿಂದ ಒಂದೇ ಕೈಯಲ್ಲಿ ಕೆಲಸ ಮಾಡುವ ಮಗು ನಮ್ಮೆಲ್ಲರಿಗಿಂತ ಚುರುಕಾಗಿ ಮಾಡುತ್ತದೆ. ನೀವು ಗಮನಿಸಬೇಕಾದದ್ದು ಹಾಳೆಯನ್ನು. ಅದು ಎಲ್ಲಿ ಜಾರಿತು? ಮೂಲೆ ಎತ್ತುವಾಗ ಇಡೀ ಹಾಳೆ ಜೊತೆಗೇ ಬಂದುಬಿಟ್ಟಿತು, ಅಲ್ವಾ? ಎರಡನೇ ಕೈ ಮಾಡುವ ಕೆಲಸ ಅದೊಂದೇ, ಹಾಳೆಯನ್ನು ಒತ್ತಿ ಹಿಡಿಯುವುದು. ಪರೀಕ್ಷೆಗೆ ತೆಗೆದುಕೊಂಡು ಹೋಗುವ ಕ್ಲಿಪ್ ಇರುವ ರಟ್ಟು ಆ ಕೆಲಸವನ್ನು ಪೂರ್ತಿಯಾಗಿ ಮಾಡುತ್ತದೆ. ಮೇಜಿಗೆ ಒಂದು ತುಂಡು ಟೇಪು ಅಂಟಿಸಿದರೂ ಆಯಿತು. ತೊಂದರೆ ಮಗುವಿನ ಕೈಯಲ್ಲಿದೆ ಎಂದುಕೊಂಡು ನಾವು ಕೈ ಹಿಡಿದು ತಿದ್ದಲು ಹೋಗುತ್ತೇವೆ. ಎಷ್ಟೋ ಸಲ ಅದು ಇರುವುದು ಜಾರುವ ಹಾಳೆಯಲ್ಲಿ.

ನಾನು ವಿಮಾನದ ಇಂಜಿನಿಯರ್ ಅಲ್ಲ, ಚಿಕ್ಕ ಮಕ್ಕಳ ಟೀಚರ್. ಮೂರರಿಂದ ಏಳೆಂಟು ವರ್ಷದ ಮಕ್ಕಳ ಜೊತೆ ಬಹಳ ಕಾಲದಿಂದ ಕಾಗದ ಮಡಚುತ್ತಿದ್ದೇನೆ. ಅವರಲ್ಲಿ ಓಡಾಡುವವರು, ಗಾಲಿಕುರ್ಚಿಯಲ್ಲಿ ಬರುವವರು, ಕಣ್ಣು ಕಾಣದವರು, ಕಿವಿ ಕೇಳದವರು, ಮಾತಾಡದವರು, ಒಂದು ಕಡೆ ಕೂರಲಾಗದವರು ಎಲ್ಲರೂ ಇದ್ದಾರೆ. 1995ರ ಕಾನೂನು ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಹೆಸರಿಸಿತ್ತು. 2016ರ ಕಾನೂನು 21 ಬಗೆಗಳನ್ನು ಹೆಸರಿಸಿದೆ, ಮಕ್ಕಳು ಒಟ್ಟಿಗೇ ಕಲಿಯಬೇಕು ಎಂದೂ ಹೇಳುತ್ತದೆ. ಒಳ್ಳೆಯದೇ. ಆದರೆ ಹತ್ತು ಗಂಟೆಯ ಹೊತ್ತಿಗೆ ಒಂದೇ ಚಾಪೆಯ ಮೇಲೆ ಇಪ್ಪತ್ತು ಮಕ್ಕಳನ್ನು ಕೂರಿಸಿಕೊಂಡಾಗ ಕೈಯಲ್ಲಿ ಏನಾದರೂ ಬೇಕಲ್ಲ? ನನ್ನ ಕೈಯಲ್ಲಿ ಇದ್ದದ್ದು ಕಾಗದ.

ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಇವತ್ತಿನ ಮಾತೆಲ್ಲ ಹೊರಟಿದ್ದು ಅಲ್ಲಿಂದಲೇ.

ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ ಇದ್ದ ಒಬ್ಬ ಹುಡುಗ. ಐದು ವರ್ಷ ಇರಬಹುದು. ಬೆರಳುಗಳು ಬಿಗಿಯಾಗಿ ಮುಷ್ಟಿ ಕಟ್ಟಿಕೊಂಡಿರುತ್ತಿದ್ದವು. ಎಲ್ಲರೂ ವಿಮಾನ ಮಡಚುತ್ತಿದ್ದರು. ಇವನದು ಮೊದಲ ಮಡಿಕೆಯಲ್ಲೇ ನಿಂತಿತು. ನನಗೆ ಮರುಕ ಬಂತು. ಪಕ್ಕದಲ್ಲಿ ಕೂತು ಚಕಚಕನೆ ಒಂದು ಚೆಂದದ ವಿಮಾನ ಮಡಚಿ ಅವನ ತೊಡೆಯ ಮೇಲೆ ಇಟ್ಟೆ. "ತಗೋ ಪುಟ್ಟ, ನಿಂದು ರೆಡಿ" ಅಂದೆ. ಅವನು ಅದನ್ನು ಮುಟ್ಟಲೇ ಇಲ್ಲ. ಪಕ್ಕದ ಹುಡುಗಿಯ ಸೊಟ್ಟ ವಿಮಾನವನ್ನೇ ನೋಡುತ್ತಿದ್ದ. ಅದಕ್ಕೆ ರೆಕ್ಕೆ ಒಂದು ದೊಡ್ಡದು, ಒಂದು ಚಿಕ್ಕದು. ಅದು ಹಾರಲೂ ಇಲ್ಲ. ಆದರೂ ಆ ಹುಡುಗಿ ಹತ್ತು ಸಲ ಎತ್ತಿಕೊಂಡು ಬಂದು ಹತ್ತು ಸಲ ಎಸೆದಳು. ಇವನ ವಿಮಾನ ಸಂಜೆಯವರೆಗೂ ತೊಡೆಯ ಮೇಲೆಯೇ ಇತ್ತು. ಅವನಮ್ಮ ಎತ್ತಿಕೊಂಡಾಗ ಕೆಳಗೆ ಬಿತ್ತು. ಅವನು ತಿರುಗಿ ನೋಡಲಿಲ್ಲ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಅವನಿಗೆ ಕೊಟ್ಟದ್ದು ನನ್ನ ವಿಮಾನ.

ಮಾರನೇ ವಾರ ಬೇರೆ ರೀತಿ ಮಾಡಿದೆ. ಆರು ಮಡಿಕೆಯ ವಿಮಾನದಲ್ಲಿ ಐದನ್ನು ಮೊದಲೇ ಮಡಚಿ ತಂದಿದ್ದೆ. ಆರನೆಯದಕ್ಕೂ ಗೆರೆ ಬಿಡಿಸಿ, ಒಮ್ಮೆ ಮಡಚಿ ಬಿಚ್ಚಿದ್ದೆ. ಹಾಳೆಗೆ ಆ ಗೆರೆಯ ನೆನಪು ಇತ್ತು. ಅವನು ಮುಷ್ಟಿಯನ್ನು ಹಾಗೇ ಅದರ ಮೇಲೆ ಇಟ್ಟು ಒತ್ತಿದ. ರೆಕ್ಕೆ ಮಡಿಸಿಕೊಂಡಿತು. ಅಷ್ಟೇ. ಅವನ ಮುಖ ನೋಡಬೇಕಿತ್ತು. ನಾಲ್ಕು ವಾರದಲ್ಲಿ ಕೊನೆಯ ಎರಡು ಮಡಿಕೆ ಅವನದಾಯಿತು. ಆಮೇಲೆ ಮೂರು.

ಇದನ್ನು ನಾನು ಕಂಡುಹಿಡಿದದ್ದೇನಲ್ಲ. ಥೆರಪಿ ಮಾಡುವವರು ಅಂಗಿ ಹಾಕಿಕೊಳ್ಳುವುದನ್ನು, ಚಪ್ಪಲಿ ಮೆಟ್ಟುವುದನ್ನು ಹೀಗೇ ಕೊನೆಯಿಂದ ಮೊದಲಿಗೆ ಕಲಿಸುತ್ತಾರೆ. ಗುಂಡಿಯೆಲ್ಲ ಅಮ್ಮ ಹಾಕುತ್ತಾಳೆ, ಕೊನೆಯ ಗುಂಡಿ ಮಾತ್ರ ಮಗು ಹಾಕುತ್ತದೆ. ಆಮೇಲೆ ಕೊನೆಯ ಎರಡು. ನಾವು ಮಾಡುವುದು ಇದರ ಉಲ್ಟಾ. ಮೊದಲ ಮಡಿಕೆಯನ್ನು ಮಗುವಿನ ಕೈಯಲ್ಲಿ ಮಾಡಿಸುತ್ತೇವೆ. ಅದು ಕಷ್ಟಪಡುವಾಗ "ಕೊಡು ಇಲ್ಲಿ" ಅಂತ ಕಿತ್ತುಕೊಂಡು ಮುಗಿಸಿಕೊಡುತ್ತೇವೆ. ಮಗುವಿಗೆ ಸಿಕ್ಕಿದ್ದು ಬರೀ ಕಷ್ಟ. ಮುಗಿಸಿದ ಖುಷಿ ನಮಗೆ ಸಿಕ್ಕಿತು. ಅದಕ್ಕೇ ನಾನು ಎಲ್ಲರಲ್ಲೂ ಬೇಡಿಕೊಳ್ಳುವುದು ಒಂದೇ ಮಾತು. ಕೊನೆಯ ಮಡಿಕೆ ಮಗುವಿನದಾಗಲಿ. ಮೊದಲ ಎಸೆತವೂ ಮಗುವಿನದಾಗಲಿ. ನಡುವೆ ನೀವು ಎಷ್ಟು ಬೇಕಾದರೂ ಮಾಡಿ.

ಈಗ ಯಾವ ವಿಮಾನ ಎಂಬ ಪ್ರಶ್ನೆ. ಇದರ ಮೇಲೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಯಾಕೆಂದರೆ ಅರ್ಧ ಕೆಲಸ ಇಲ್ಲೇ ಇದೆ.

ನಮ್ಮ ಕಡೆ ಮಕ್ಕಳು ಇದನ್ನು ವಿಮಾನ ಅನ್ನುವುದಕ್ಕಿಂತ ರಾಕೆಟ್ ಅನ್ನುವುದೇ ಹೆಚ್ಚು. "ಮಿಸ್, ಇವ್ನು ರಾಕೆಟ್ ಬಿಡ್ತಿದಾನೆ" ಎಂಬ ದೂರು ಕೇಳದ ಟೀಚರ್ ಇಲ್ಲಿ ಯಾರೂ ಇರಲಾರರು. ಚೂಪು ಮೂತಿ, ಕಿರಿದಾದ ರೆಕ್ಕೆ, ನೋಟ್‌ಬುಕ್ಕಿನ ನಡುವಿನ ಹಾಳೆ. ಅದನ್ನು ಯಾರು ಕಲಿಸಿದರು ಎಂದು ನಮಗೆ ನೆನಪೇ ಇರುವುದಿಲ್ಲ. ಅಷ್ಟು ಒಗ್ಗಿಹೋಗಿದೆ. ಆದರೆ ಚಿಕ್ಕ ಮಕ್ಕಳಿಗೆ, ಅದರಲ್ಲೂ ತೋಳಿನಲ್ಲಿ ಬಲ ಕಡಿಮೆ ಇರುವ ಮಗುವಿಗೆ, ಅದು ಸರಿಯಾದ ವಿಮಾನ ಅಲ್ಲ.

ಯಾಕೆ ಅಂತ ಹೇಳುತ್ತೇನೆ. ರೆಕ್ಕೆಯನ್ನು ಮೇಲೆ ಎತ್ತಿ ಹಿಡಿಯುವುದು ಅದರ ಮೇಲೆ ಕೆಳಗೆ ಹರಿಯುವ ಗಾಳಿ. ವಿಮಾನ ಎಷ್ಟು ಜೋರಾಗಿ ಹೋದರೆ ಗಾಳಿ ಅಷ್ಟು ಬಲವಾಗಿ ಎತ್ತುತ್ತದೆ. ವೇಗ ಅರ್ಧಕ್ಕೆ ಇಳಿದರೆ ಎತ್ತುವ ಬಲ ಕಾಲು ಭಾಗಕ್ಕೇ ಇಳಿದುಬಿಡುತ್ತದೆ. ರಾಕೆಟ್ಟಿನ ರೆಕ್ಕೆ ಕಿರಿದು. ಹಾಗಾಗಿ ಅದಕ್ಕೆ ವೇಗ ಬೇಕೇ ಬೇಕು. ಹತ್ತು ವರ್ಷದ ಹುಡುಗ ತೋಳು ಬೀಸಿ ಎಸೆದರೆ ಅದು ಬಾಣದ ಹಾಗೆ ಹೋಗುತ್ತದೆ. ನಾಲ್ಕು ವರ್ಷದ ಮಗು ಎಸೆದರೆ ಕಾಲ ಬುಡಕ್ಕೆ ಬೀಳುತ್ತದೆ. ಮಗು ಏನು ತಿಳಿಯುತ್ತದೆ? "ನಂಗೆ ಬರಲ್ಲ" ಎಂದು. ಮಗುವಿಗೆ ಬರುತ್ತದೆ. ಆ ವಿಮಾನಕ್ಕೆ ಮೆಲ್ಲಗೆ ಹಾರಲು ಬರುವುದಿಲ್ಲ, ಅಷ್ಟೇ.

ಹಾಳೆ ಅದೇ, ತೂಕ ಅದೇ. ಪ್ಯಾಕೆಟ್ಟಿನ ಮೇಲೆ 80 ಜಿಎಸ್‌ಎಂ ಎಂದು ಬರೆದಿರುತ್ತದೆ ನೋಡಿ. ಒಂದು ಚದರ ಮೀಟರ್ ಕಾಗದ 80 ಗ್ರಾಂ ತೂಗುತ್ತದೆ ಎಂದು ಅರ್ಥ. 16 ಎ4 ಹಾಳೆ ಸೇರಿದರೆ ಒಂದು ಚದರ ಮೀಟರ್. ಅಂದರೆ ನಿಮ್ಮ ತೊಡೆಯ ಮೇಲಿರುವ ಹಾಳೆ 5 ಗ್ರಾಂ. ಈ 5 ಗ್ರಾಮನ್ನು ಅಗಲವಾದ ರೆಕ್ಕೆಯಾಗಿ ಹರಡಿದರೆ ಮೆಲ್ಲಗೆ ತಳ್ಳಿದರೂ ತೇಲುತ್ತದೆ. ನ್ಯೂಸ್‌ಪೇಪರ್ ಇನ್ನೂ ಹಗುರ, 45 ಗ್ರಾಮಿನ ಆಸುಪಾಸು. ಮಡಚಲು ಬಲು ಮೆತ್ತಗೆ, ಬೆರಳಿಗೆ ಹಿತ. ಆದರೆ ರೆಕ್ಕೆ ಜೋತುಬೀಳುತ್ತದೆ. ಹಳೆಯ ಕ್ಯಾಲೆಂಡರ್ ಹಾಳೆ ದಪ್ಪ, ಚಿಕ್ಕ ಬೆರಳಿಗೆ ಬಗ್ಗುವುದಿಲ್ಲ. ಮಡಚಿ ಅಭ್ಯಾಸ ಮಾಡಲು ನ್ಯೂಸ್‌ಪೇಪರ್, ಹಾರಿಸಲು ಒಂದು ಕಡೆ ಪ್ರಿಂಟ್ ಆದ ಆಫೀಸಿನ ಹಾಳೆ. ನನ್ನ ಲೆಕ್ಕ ಇದು.

ನಾವು ಮಾಡುವ ವಿಮಾನಕ್ಕೆ ಮಕ್ಕಳು ಇಟ್ಟ ಹೆಸರು ಚಾಪೆ ವಿಮಾನ. ಮೂಲೆ ಮಡಚುವ ಗೋಜೇ ಇಲ್ಲ. ಮೂರು ನಾಲ್ಕು ವರ್ಷದ ಮಗುವಿಗೆ ಅಂಚಿಗೆ ಅಂಚು ಕೂಡಿಸಿ ಮಡಚುವುದೇ ದೊಡ್ಡ ಕೆಲಸ. ಮೂಲೆಯನ್ನು ಓರೆಯಾಗಿ ಮಡಚುವುದು ಇನ್ನೂ ಆಮೇಲೆ ಬರುತ್ತದೆ. ಇದರಲ್ಲಿ ಎಲ್ಲ ಮಡಿಕೆಯೂ ಒಂದೇ ದಿಕ್ಕಿಗೆ, ಚಾಪೆ ಸುತ್ತಿದ ಹಾಗೆ.

ನೀವೂ ಮಾಡಿ, ಈಗ ಎರಡೂ ಕೈ ಬಳಸಿ. ಹಾಳೆಯ ಉದ್ದನೆಯ ಅಂಚು ನಿಮ್ಮ ಹೊಟ್ಟೆಯ ಕಡೆ ಇರಲಿ. ಮೊದಲು ಹಾಳೆಯನ್ನು ಎಡದಿಂದ ಬಲಕ್ಕೆ ಅರ್ಧ ಮಡಚಿ ಬಿಚ್ಚಿ. ನಡುವೆ ಒಂದು ಗೆರೆ ಬಂತು. ಇದನ್ನು ಈಗಲೇ ಮಾಡಿಕೊಳ್ಳಬೇಕು, ಆಮೇಲೆ ಪದರ ದಪ್ಪವಾದರೆ ಬಗ್ಗಿಸಲು ಕಷ್ಟ. ಈಗ ಹತ್ತಿರದ ಅಂಚನ್ನು ಒಂದು ಹೆಬ್ಬೆರಳಗಲ ಮಡಚಿ. ಸ್ಟೀಲ್ ಲೋಟದ ತಳದಿಂದ ತೀಡಿ. ಇನ್ನೊಮ್ಮೆ ಅಷ್ಟೇ ಮಡಚಿ, ತೀಡಿ. ಹೀಗೇ ಹೋಗುತ್ತಾ ಹೋಗುತ್ತಾ ಹಾಳೆಯ ಮೂರರಲ್ಲಿ ಎರಡು ಪಾಲು ಸುತ್ತಿಕೊಳ್ಳಬೇಕು. ಆ ದಪ್ಪ ಪಟ್ಟಿಯೇ ವಿಮಾನದ ಮುಂಭಾಗ. ಅದರ ನಡುವಿಗೆ ಒಂದೋ ಎರಡೋ ಜೆಮ್ ಕ್ಲಿಪ್ ಸಿಕ್ಕಿಸಿ. ಈಗ ನಡುವಿನ ಗೆರೆಯಲ್ಲಿ ಬಗ್ಗಿಸಿ, ಎರಡೂ ರೆಕ್ಕೆ ಸ್ವಲ್ಪ ಮೇಲೆ ಎದ್ದಿರಲಿ, ಹಾರುವ ಹದ್ದಿನ ಹಾಗೆ. ಹಿಂದಿನ ಅಂಚನ್ನು ಒಂದು ಚೂರು ಮೇಲಕ್ಕೆ ತಿರುಗಿಸಿ. ಆಯಿತು.

ಇದನ್ನು ಎಸೆಯಬಾರದು. ಹಿಂದಿನಿಂದ ನಡುವಲ್ಲಿ ಹಿಡಿದು ಮೆಲ್ಲಗೆ ಗಾಳಿಗೆ ಬಿಡಬೇಕು, ನೀರಿಗೆ ದೋಣಿ ಬಿಟ್ಟ ಹಾಗೆ. ಜೋರು ಮಾಡಿದರೆ ಪಲ್ಟಿ ಹೊಡೆಯುತ್ತದೆ. ತರಗತಿಯಲ್ಲಿ ಎಲ್ಲರಿಗಿಂತ ಬಲಶಾಲಿ ಹುಡುಗನಿಗೆ ಇದು ಮೊದಲು ಬರುವುದೇ ಇಲ್ಲ. ಮೆಲ್ಲಗಿನ ಕೈಯ ಮಗುವಿಗೆ ಬೇಗ ಬರುತ್ತದೆ. ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ! ಆ ಹುಡುಗ ಬಂದು "ನಂಗೂ ತೋರ್ಸು" ಎಂದು ಈ ಮಗುವಿನ ಪಕ್ಕ ಕೂರುತ್ತಾನೆ.

ಮಡಚಲು ಬಾರದ ಮಕ್ಕಳಿಗೆ ಇನ್ನೊಂದು ಇದೆ, ಬಳೆ ವಿಮಾನ. ಒಂದು ಪೇಪರ್ ಸ್ಟ್ರಾ ಬೇಕು. ಪ್ಲಾಸ್ಟಿಕ್ಕಿನದು 2022ರ ಜುಲೈನಿಂದ ನಿಷೇಧವಾಗಿದೆ, ಬೇಡ. ಮದುವೆಯ ಕರೆಯೋಲೆಯಂಥ ಗಟ್ಟಿ ಕಾಗದದಲ್ಲಿ ಎರಡೂವರೆ ಸೆಂಟಿಮೀಟರ್ ಅಗಲದ ಎರಡು ಪಟ್ಟಿ. ಒಂದು 13 ಸೆಂಟಿಮೀಟರ್ ಉದ್ದ, ಇನ್ನೊಂದು ಅದರ ಎರಡರಷ್ಟು. ಎರಡನ್ನೂ ಬಳೆ ಮಾಡಿ ಟೇಪು ಹಚ್ಚಿ, ಸ್ಟ್ರಾದ ಎರಡು ತುದಿಗೆ ಅಂಟಿಸಿ. ಎರಡು ಬಳೆಯೂ ಸ್ಟ್ರಾದ ಒಂದೇ ಬದಿಗೆ ಇರಬೇಕು. ಚಿಕ್ಕ ಬಳೆ ಮುಂದೆ. ನೋಡಲು ವಿಮಾನದ ಹಾಗಿಲ್ಲ, ಆದರೆ ಸೊಗಸಾಗಿ ತೇಲುತ್ತದೆ. ಇದರಲ್ಲಿ ಮಡಿಕೆಯೇ ಇಲ್ಲ. ಅಂಟಿಸುವುದು, ಒತ್ತುವುದು, ಅಷ್ಟೇ.

ಹಾರಲಿಲ್ಲ ಅಂದರೆ ಏನು ಮಾಡಬೇಕು? ನನ್ನನ್ನು ಕೇಳಿದರೆ ಪಾಠ ಶುರುವಾಗುವುದೇ ಆಗ. "ಮಿಸ್, ನಂದು ಹಾರ್ಲಿಲ್ಲ" ಎಂದು ಮಗು ಬಂದಾಗ ವಿಮಾನವನ್ನು ಕೈಗೆ ತೆಗೆದುಕೊಳ್ಳಬೇಡಿ. "ಏನಾಯ್ತು? ಮೂಗು ಕೆಳಗೆ ಹಾಕ್ತಾ, ಇಲ್ಲಾ ತಿರುಗ್ತಾ?" ಎಂದು ಕೇಳಿ. ಮಾತಾಡದ ಮಗು ಕೈಯಲ್ಲಿ ಮಾಡಿ ತೋರಿಸುತ್ತದೆ. ಮೂಗು ಕೆಳಗೆ ಹಾಕಿ ಬಿದ್ದರೆ ಹಿಂದಿನ ಅಂಚನ್ನು ಇನ್ನೊಂದು ಚೂರು ಮೇಲೆತ್ತಬೇಕು. ಮೇಲೆದ್ದು, ನಿಂತು, ಕುಸಿದು, ಮತ್ತೆ ಎದ್ದರೆ ಬಾಲ ಭಾರವಾಗಿದೆ. ಮುಂದಕ್ಕೆ ಒಂದು ಕ್ಲಿಪ್ ಹಾಕಬೇಕು. ಬಲಕ್ಕೆ ತಿರುಗಿದರೆ ಎಡ ರೆಕ್ಕೆಯ ಹಿಂದಿನ ಅಂಚನ್ನು ಸ್ವಲ್ಪ ಎತ್ತಬೇಕು. ಎಡಕ್ಕೆ ತಿರುಗಿದರೆ ಬಲದ್ದು. ಅದಕ್ಕೂ ಮೊದಲು ಎರಡು ರೆಕ್ಕೆ ಒಂದೇ ಎತ್ತರದಲ್ಲಿ ಇವೆಯೇ ಎಂದು ಮುಂದಿನಿಂದ ಒಂದು ಕಣ್ಣು ಮುಚ್ಚಿ ನೋಡಬೇಕು.

ಒಂದು ಸಲಕ್ಕೆ ಒಂದೇ ಬದಲಾವಣೆ. ಇದು ಮಾತ್ರ ನಾನು ಪಟ್ಟು ಹಿಡಿಯುವ ನಿಯಮ. ಕ್ಲಿಪ್ಪೂ ಹಾಕಿ, ಅಂಚೂ ಎತ್ತಿದರೆ ಯಾವುದರಿಂದ ಸರಿಹೋಯಿತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಕಲಿಕೆ ನಿಧಾನ ಎಂದು ಎಲ್ಲರೂ ಹೇಳುತ್ತಿದ್ದ ಡೌನ್ ಸಿಂಡ್ರೋಮ್ ಇದ್ದ ಒಬ್ಬಳು ಹುಡುಗಿ ಈ ನಿಯಮವನ್ನು ನನಗಿಂತ ಚೆನ್ನಾಗಿ ಪಾಲಿಸುತ್ತಿದ್ದಳು. ಒಂದು ಕ್ಲಿಪ್ ಹಾಕುತ್ತಾಳೆ, ಬಿಡುತ್ತಾಳೆ, ನೋಡುತ್ತಾಳೆ. ತೆಗೆಯುತ್ತಾಳೆ, ಬಿಡುತ್ತಾಳೆ, ನೋಡುತ್ತಾಳೆ. ಅವಳಿಗೆ ಅವಸರ ಇರಲಿಲ್ಲ. ಬೇಗ ಕಲಿಯುವ ಮಕ್ಕಳು ಮೂರನೇ ಸಲಕ್ಕೇ ಬೇಜಾರಾಗಿ ಎದ್ದು ಹೋಗಿದ್ದರು.

ಇನ್ನು ಬಿಡುವುದು. ಮುಷ್ಟಿ ಕಟ್ಟಿಕೊಂಡ ಕೈಗೆ ಹಿಡಿಯುವುದಕ್ಕಿಂತ ಬಿಡುವುದೇ ಕಷ್ಟ. ಸರಿಯಾದ ಹೊತ್ತಿಗೆ ಬೆರಳು ಬಿಚ್ಚುವುದಿಲ್ಲ. ಅಂಥ ಮಗುವಿಗೆ ಹಿಡಿಯುವ ಕೆಲಸವನ್ನೇ ಬಿಟ್ಟುಬಿಡಿ. ಮೇಜಿನ ಅಂಚಿನಲ್ಲಿ ಒಂದು ನುಣುಪಾದ ರಟ್ಟು ಇಟ್ಟು, ಅದರ ಮೇಲೆ ಚಾಪೆ ವಿಮಾನ ಇಡಿ. ಮಗು ಹಿಂದಿನಿಂದ ತಳ್ಳಲಿ. ಮುಷ್ಟಿಯಿಂದ, ಮೊಣಕೈಯಿಂದ, ಪಾದದಿಂದ, ಯಾವುದರಿಂದಲಾದರೂ ಸರಿ. ಮೇಜಿನ ಅಂಚು ದಾಟಿದ ಮೇಲೆ ಉಳಿದದ್ದನ್ನು ಗಾಳಿ ನೋಡಿಕೊಳ್ಳುತ್ತದೆ. ಮೊದಲು ಹೇಳಿದ ಹುಡುಗ ಹೀಗೆಯೇ ಬಿಡುತ್ತಿದ್ದ. ಆಮೇಲೆ ಉಳಿದ ಮಕ್ಕಳೂ ಆ ರಟ್ಟಿನ ಮುಂದೆ ಸಾಲು ನಿಂತರು. ರನ್‌ವೇ ಅಂತ ಹೆಸರಿಟ್ಟರು. ಒಬ್ಬನಿಗೆ ಅಂತ ಮಾಡಿದ್ದು ಎಲ್ಲರಿಗೂ ಬೇಕಾಯಿತು. ಮಾಡಿದರೆ ಹಾಗೆ ಮಾಡಬೇಕು. ಒಬ್ಬ ಮಗುವಿಗೆ ಬೇರೆ ಮೂಲೆಯಲ್ಲಿ ಬೇರೆ ಸಾಮಾನು ಕೊಟ್ಟು ಕೂರಿಸಿದರೆ ಅದು ಆಟ ಆಗುವುದಿಲ್ಲ.

ಕಣ್ಣು ಕಾಣದ ಮಗುವಿಗೆ ವಿಮಾನ ಯಾಕೆ ಎಂದು ನನ್ನನ್ನು ಕೇಳಿದವರಿದ್ದಾರೆ. ಹಾರುವುದನ್ನು ನೋಡಲು ಆಗುವುದಿಲ್ಲವಲ್ಲ ಎಂದು. ಈ ಪ್ರಶ್ನೆ ನನ್ನನ್ನೂ ಕಾಡಿತ್ತು. ಮೊದಲು ಒಂದು ಗೆಜ್ಜೆ ಕಟ್ಟಿ ನೋಡಿದೆ, ಮಗುವಿನ ಕಾಲ್ಗೆಜ್ಜೆಯಲ್ಲಿ ಇರುತ್ತದಲ್ಲ, ಅಂಥ ಪುಟಾಣಿ ಗೆಜ್ಜೆ. ನೃತ್ಯದ ಹಿತ್ತಾಳೆ ಗೆಜ್ಜೆ ಭಾರ, ಆಗದು. ಜೆಮ್ ಕ್ಲಿಪ್ಪಿನ ಬದಲು ಇದನ್ನು ಮುಂದೆ ಕಟ್ಟಿದರೆ ತೂಕಕ್ಕೂ ಆಯಿತು, ಸದ್ದಿಗೂ ಆಯಿತು ಎಂದುಕೊಂಡೆ. ಆದರೆ ವಿಮಾನ ಚೆನ್ನಾಗಿ ತೇಲುವಾಗ ಗೆಜ್ಜೆ ಅಲುಗುವುದೇ ಇಲ್ಲ. ಬಿದ್ದಾಗ ಮಾತ್ರ ಝಲ್ ಅನ್ನುತ್ತದೆ. ಎಲ್ಲಿ ಬಿತ್ತು ಎಂದು ಗೊತ್ತಾಗುತ್ತದೆ, ಹೇಗೆ ಹಾರಿತು ಎಂದು ಗೊತ್ತಾಗುವುದಿಲ್ಲ.

ಆಮೇಲೆ ಹೊಳೆದದ್ದು ದಾರ. ತೆಳ್ಳನೆಯ ಹೊಲಿಗೆ ದಾರವನ್ನು ಬಾಲಕ್ಕೆ ಕಟ್ಟಬೇಕು. ಉಂಡೆಯಿಂದ ನೇರ ಬಿಟ್ಟರೆ ಎಳೆಯುತ್ತದೆ. ಅದಕ್ಕೇ ಏಳೆಂಟು ಮೀಟರ್ ದಾರವನ್ನು ಒಂದು ಅಗಲ ತಟ್ಟೆಯಲ್ಲಿ ಸಡಿಲವಾಗಿ ಸುರುಳಿ ಹಾಕಿಡಬೇಕು. ಒಂದು ಕೈಯಲ್ಲಿ ವಿಮಾನ ಬಿಡುವಾಗ ಇನ್ನೊಂದು ಕೈಯ ಎರಡು ಬೆರಳಿನ ನಡುವೆ ದಾರ ಸುಮ್ನೆ ಹಾದುಹೋಗುತ್ತಿರಬೇಕು. ವಿಮಾನ ಹಾರುವಷ್ಟು ಹೊತ್ತೂ ದಾರ ಬೆರಳಿನಲ್ಲಿ ಓಡುತ್ತದೆ. ಜೋರಾದರೆ ಜೋರು, ನಿಧಾನವಾದರೆ ನಿಧಾನ. ಬಿದ್ದಾಗ ನಿಲ್ಲುತ್ತದೆ. ಮೊದಲ ಸಲ ಹೀಗೆ ಮಾಡಿದ ಆರು ವರ್ಷದ ಹುಡುಗಿ ಉಸಿರು ಬಿಗಿಹಿಡಿದು ನಿಂತಿದ್ದಳು. ದಾರ ನಿಂತ ಮೇಲೆ "ಮಿಸ್, ಇಳೀತು" ಅಂದಳು. ಆಮೇಲೆ ದಾರವನ್ನು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಹೋಗಿ ತನ್ನ ವಿಮಾನವನ್ನು ತಾನೇ ಎತ್ತಿಕೊಂಡಳು. ಹೆಜ್ಜೆಯನ್ನೂ ಎಣಿಸಿದ್ದಳು. ಏಳು. ಯಾರೂ ಅವಳಿಗೆ ವಿಮಾನ ತಂದುಕೊಡಬೇಕಾಗಲಿಲ್ಲ.

ಅಂಥ ಮಕ್ಕಳಿಗೆ ಮಡಚುವ ಗೆರೆ ಕೈಗೆ ಸಿಗಬೇಕು. ಟೈಲರ್ ಹತ್ತಿರ ಬಟ್ಟೆಗೆ ಗುರುತು ಹಾಕುವ ಹಲ್ಲಿನ ಚಕ್ರ ಇರುತ್ತದೆ. ಹಾಳೆಯ ಕೆಳಗೆ ಒಂದು ಬಟ್ಟೆ ಹಾಸಿ ಅದನ್ನು ಉರುಳಿಸಿದರೆ ಹಿಂದಿನ ಬದಿಯಲ್ಲಿ ಉಬ್ಬು ಚುಕ್ಕಿಗಳ ಸಾಲು ಮೂಡುತ್ತದೆ. ತೋರಿಸುವಾಗ ಮಗುವಿನ ಕೈಯನ್ನು ಹಿಡಿದು ಎಳೆಯಬೇಡಿ. ನಿಮ್ಮ ಕೈ ಕೆಳಗಿರಲಿ, ಮಗುವಿನ ಕೈ ನಿಮ್ಮ ಕೈಯ ಮೇಲೆ ಕೂರಲಿ. ನೀವು ಮಡಚುವುದನ್ನು ಅದು ಮುಟ್ಟಿ ನೋಡುತ್ತದೆ. ಬೇಡ ಅನಿಸಿದರೆ ಕೈ ತೆಗೆಯುವ ಹಕ್ಕು ಅದಕ್ಕೆ ಇರುತ್ತದೆ.

ಕಿವಿ ಕೇಳದ ಮಕ್ಕಳ ಜೊತೆ ನಾನು ಬಹಳ ದಿನ ಒಂದು ವಿಷಯ ತಿಳಿಯದೇ ಇದ್ದೆ. ಮಡಚುತ್ತಲೇ ಮಾತಾಡುವುದು ನಮಗೆ ರೂಢಿ. ಆದರೆ ಆ ಮಗು ನನ್ನ ಕೈ ನೋಡುತ್ತಿದ್ದರೆ ಮುಖ ನೋಡಲಾಗದು, ಮುಖ ನೋಡಿದರೆ ಹಾಳೆ ತಪ್ಪುತ್ತದೆ. ಸನ್ನೆ ಮಾಡುವ ಕೈಯಲ್ಲಿ ಹಾಳೆ ಹಿಡಿಯಲೂ ಆಗದು. ಹಾಗಾಗಿ ಮೊದಲು ಹೇಳಿ, ನಿಲ್ಲಿಸಿ, ಆಮೇಲೆ ಮಡಚಿ, ಮತ್ತೆ ನಿಲ್ಲಿಸಿ. ಮಡಚುವಾಗ ಮಗುವಿನ ಪಕ್ಕದಲ್ಲಿ ಕೂರಿ. ಎದುರು ಕೂತರೆ ಎಡ ಬಲ ಉಲ್ಟಾ ಕಾಣುತ್ತದೆ. ಈ ನಿಧಾನ ಉಳಿದ ಮಕ್ಕಳಿಗೂ ಒಳ್ಳೆಯದೇ ಆಯಿತು.

ಆಟಿಸಂ ಇರುವ ಕೆಲವು ಮಕ್ಕಳಿಗೆ ಚಪ್ಪಾಳೆ, ಕೇಕೆ ಸಹಿಸಲಾಗುವುದಿಲ್ಲ. ಇಪ್ಪತ್ತು ಮಕ್ಕಳು ಒಟ್ಟಿಗೆ "ಹೋ" ಎಂದರೆ ಕಿವಿ ಮುಚ್ಚಿಕೊಂಡು ಓಡುತ್ತಾರೆ. ನಾವು ಎರಡೂ ಕೈ ಮೇಲೆತ್ತಿ ಬೆರಳು ಅಲುಗಿಸುವುದನ್ನು ಚಪ್ಪಾಳೆ ಮಾಡಿಕೊಂಡೆವು. ಕಿವಿ ಕೇಳದವರ ಚಪ್ಪಾಳೆಯೂ ಅದೇ, ಒಂದೇ ಏಟಿಗೆ ಇಬ್ಬರಿಗೂ ಆಯಿತು. ನೆಲದ ಮೇಲೆ ಸುಣ್ಣದಲ್ಲಿ ಒಂದು ಗೆರೆ, ಅಲ್ಲಿ ನಿಂತೇ ಬಿಡಬೇಕು. ಎಲ್ಲರೂ ಗೆರೆಯ ಹಿಂದೆ ಇದ್ದಾಗ ಮಾತ್ರ ಬಿಡಬೇಕು. ಇದು ಕಣ್ಣಿನ ರಕ್ಷಣೆಗೂ ಬೇಕು. ಚೂಪು ಮೂತಿಯ ರಾಕೆಟ್ ಮಾಡಿದವರು ಮೂತಿಯನ್ನು ಹಿಂದಕ್ಕೆ ಮಡಚಿ ಮೊಂಡಾಗಿಸಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಸ್ಪರ್ಧೆ ಇಡುತ್ತೀರಾ ಎಂದು ಕೇಳುತ್ತಾರೆ. ಮಕ್ಕಳಿಗೆ ದಾಖಲೆಗಳ ಕತೆ ಹೇಳಲು ನನಗೆ ಇಷ್ಟ. 1903ರ ಡಿಸೆಂಬರ್‌ನಲ್ಲಿ ಅಮೆರಿಕದ ಕಿಟ್ಟಿ ಹಾಕ್ ಬಳಿ ರೈಟ್ ಸಹೋದರರ ವಿಮಾನ ಮೊದಲ ಸಲ ಎದ್ದಾಗ ಗಾಳಿಯಲ್ಲಿ ಇದ್ದದ್ದು 12 ಸೆಕೆಂಡು. ಹೋದದ್ದು 120 ಅಡಿ, ಅಂದರೆ ಸುಮಾರು 37 ಮೀಟರ್. ಜಪಾನಿನ ತಕುವೋ ಟೋಡಾ 2010ರಲ್ಲಿ ಬಿಟ್ಟ ಕಾಗದದ ವಿಮಾನ 29.2 ಸೆಕೆಂಡು ಗಾಳಿಯಲ್ಲಿತ್ತು. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಮೂವರು ಯುವ ಇಂಜಿನಿಯರುಗಳ ಕಾಗದದ ವಿಮಾನ 88 ಮೀಟರ್ ದಾಟಿತು. ಇದನ್ನು ಕೇಳಿದಾಗ ಮಕ್ಕಳ ಕಣ್ಣು ಅರಳುತ್ತದೆ. ಒಂದು ಕಾಗದ ರೈಟ್ ಸಹೋದರರ ಆ ಮೊದಲ ಹಾರಾಟವನ್ನು ಮೀರಿಸಿತು!

ಆದರೆ ಚಿಕ್ಕ ಮಕ್ಕಳ ನಡುವೆ ಯಾರದು ದೂರ ಹೋಯಿತು ಎಂಬ ಸ್ಪರ್ಧೆ ನಾನು ಇಡುವುದಿಲ್ಲ. ತೋಳಿನ ಬಲ ಅಳೆಯುವ ಆಟ ಅದು. ಬದಲಿಗೆ ಪ್ರತಿಯೊಬ್ಬರೂ ತಮ್ಮ ವಿಮಾನ ಎಷ್ಟು ಹೆಜ್ಜೆ ಹೋಯಿತು ಎಂದು ತಾವೇ ಅಳೆಯುತ್ತಾರೆ. ಗಾಲಿಕುರ್ಚಿಯ ಮಗು ಗಾಲಿ ಎಷ್ಟು ಸುತ್ತು ಉರುಳಿತು ಎಂದು ಎಣಿಸುತ್ತದೆ. ಗಾಲಿಗೆ ಒಂದು ಬಣ್ಣದ ಟೇಪು ಅಂಟಿಸಿದರೆ ಎಣಿಸುವುದು ಸುಲಭ. ನಿನ್ನೆ ಮೂರು ಸುತ್ತು, ಇವತ್ತು ನಾಲ್ಕು. ರೆಕ್ಕೆಯ ಮೇಲೆ ತಾರೀಖು ಬರೆಯುತ್ತೇವೆ. ಗಣಿತವೂ ಆಯಿತು.

ಮನೆಯಿಂದ ಹೊರಗೆ ಬರಲಾಗದ ಮಕ್ಕಳೂ ಇದ್ದಾರೆ. ಗೃಹ ಆಧಾರಿತ ಶಿಕ್ಷಣ ಎಂದು ವಾರಕ್ಕೊಮ್ಮೆ ಟೀಚರ್ ಹೋಗುವ ಮನೆಗಳು. ಅಲ್ಲಿಗೆ ಹೋಗುವವರು ಇಲ್ಲಿ ಇದ್ದೀರಿ. ಮಂಚದ ಮೇಲೆ ಮಲಗಿರುವ ಮಗುವಿಗೆ ಮೇಲಿನಿಂದ ದಾರದಲ್ಲಿ ಚಾಪೆ ವಿಮಾನ ತೂಗುಹಾಕಿ. ಊದಿದರೆ ತಿರುಗುತ್ತದೆ. ಆದರೆ ತೂಗುಹಾಕುವ ಮೊದಲು ಕೊನೆಯ ಮಡಿಕೆಯನ್ನು ಮಗುವಿನ ಕೈ ಕೆಳಗೆ ಇಡಲು ಮರೆಯಬೇಡಿ. ಒಂದೇ ಒಂದು ಬೆರಳಿನ ಒತ್ತು ಸಾಕು.

ಕೊನೆಗೆ ಒಬ್ಬರು ಅಜ್ಜಿ ಕೈ ಎತ್ತಿದರು. ಅವರ ಪ್ರಶ್ನೆಯನ್ನು ಹಾಗೇ ಇಲ್ಲಿ ಬರೆಯುತ್ತೇನೆ.

"ನಮ್ಮ ಮೊಮ್ಮಗ ಕಾಗದ ಕೊಟ್ರೆ ಸಾಕು ಹರಿದು ಹಾಕ್ತಾನಮ್ಮ. ಮಡಚೋ ಮಾತೇ ಇಲ್ಲ. ಬೈದರೆ ಇನ್ನೂ ಜಾಸ್ತಿ ಹರೀತಾನೆ. ಅವನಿಗೇನು ಮಾಡೋದು?"

ನಾನು ಕೇಳಿದೆ, "ಹೇಗೆ ಹರೀತಾನೆ ಅಜ್ಜಿ? ಚೂರು ಚೂರಾಗಿಯೋ, ಉದ್ದುದ್ದಕ್ಕೋ?"

ಅವರು ಸ್ವಲ್ಪ ಯೋಚಿಸಿದರು. "ಉದ್ದುದ್ದಕ್ಕೆ. ಪಟ್ಟಿ ಪಟ್ಟಿ ಮಾಡ್ತಾನೆ."

ಹರಿಯುವಾಗ ಎರಡು ಕೈ ಎರಡು ದಿಕ್ಕಿಗೆ ಹೋಗಬೇಕು. ಹೆಬ್ಬೆರಳು, ತೋರುಬೆರಳು ಎರಡೂ ಬಿಗಿಯಾಗಿ ಹಿಡಿಯಬೇಕು. ಮಡಚಲು ಬೇಕಾಗುವುದೂ ಅದೇ ಹಿಡಿತ. ಬಳೆ ವಿಮಾನಕ್ಕೆ ಬೇಕಾದದ್ದು ಎರಡು ಉದ್ದ ಪಟ್ಟಿ. ಕತ್ತರಿಯೇ ಆಗಬೇಕೆಂದಿಲ್ಲ. ಅಂಚು ಸೊಟ್ಟಗಿದ್ದರೂ ಬಳೆ ಆಗುತ್ತದೆ. ಇಷ್ಟು ಹೇಳಿ, "ನಾಳೆ ಅವನಿಗೆ ಹಳೇ ಲಗ್ನಪತ್ರಿಕೆ ಕೊಡಿ ಅಜ್ಜಿ, ಹರಿಯೋಕೆ ಬಿಡಿ. ಒಂದು ಚಿಕ್ಕ ಪಟ್ಟಿ, ಒಂದು ದೊಡ್ಡ ಪಟ್ಟಿ ಎತ್ತಿಟ್ಟುಕೊಳ್ಳಿ" ಅಂದೆ.

ಚಹಾದ ಹೊತ್ತಿನಲ್ಲಿ ಅವರು ನನ್ನ ಪಕ್ಕ ಬಂದು ಕೂತರು. ಮಡಿಲಲ್ಲಿದ್ದ ಸಭೆಯ ಆಮಂತ್ರಣವನ್ನು ಮೆಲ್ಲಗೆ ಉದ್ದಕ್ಕೆ ಹರಿದು, "ಇಷ್ಟು ಅಗಲ ಸಾಕೇನಮ್ಮ?" ಎಂದು ಕೇಳಿದರು. ಇಬ್ಬರೂ ಸೇರಿ ಬಳೆ ಮಾಡಿದೆವು. ಟೇಪು ಹಚ್ಚುವ ಕೆಲಸ ಅವರಿಗೇ ಬಿಟ್ಟೆ.